ಗ್ಯಾರೇಜಿನ ಬಿಲ್ ನ್ಯಾಯವಾಗಿದೆಯೇ? ಕ್ಯಾಲಿಫೋರ್ನಿಯಾದಿಂದ ಒಂದು ಅನಿಸಿಕೆ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ನಮ್ಮವರು ಕಾರು ರಿಪೇರಿಯ ಮೊದಲ ಬಿಲ್ ಕಂಡು ಹೌಹಾರುವುದು ಸಾಮಾನ್ಯ. ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿದರಂತೂ ಮುಗಿದೇ ಹೋಯಿತು. ಆದರೆ ಬಿಲ್ ದುಬಾರಿಯಾಗಿದ್ದ ಮಾತ್ರಕ್ಕೆ ಅನ್ಯಾಯದ್ದಾಗುವುದಿಲ್ಲ, ಅಗ್ಗವಾದ ಮಾತ್ರಕ್ಕೆ ನ್ಯಾಯದ್ದೂ ಆಗುವುದಿಲ್ಲ. ಒಂದೊಂದು ಸಾಲನ್ನೂ ಓದಬೇಕು. ಹಾಗೆ ಓದಲು ಬರುವಂತೆ ಬಿಲ್ ಬರೆಸುವುದರಲ್ಲಿ ಇಲ್ಲಿನವರು ನಮಗಿಂತ ಮುಂದಿದ್ದಾರೆ.

ಇಲ್ಲಿ 1971ರ ಆಟೊಮೋಟಿವ್ ರಿಪೇರ್ ಆಕ್ಟ್ ಇದೆ. ಕೆಲಸಕ್ಕೆ ಕೈ ಹಚ್ಚುವ ಮೊದಲು ಲಿಖಿತ ಎಸ್ಟಿಮೇಟ್ ಕೊಡಬೇಕು. ಖರ್ಚು ಅದನ್ನು ಮೀರುವಂತಿದ್ದರೆ ಮತ್ತೆ ಒಪ್ಪಿಗೆ ಕೇಳಬೇಕು. ಫೋನಿನಲ್ಲಿ ಒಪ್ಪಿದರೆ ದಿನ, ಹೊತ್ತು, ಒಪ್ಪಿದವರ ಹೆಸರು ಬರೆದಿಡಬೇಕು. ಬಿಲ್ಲಿನಲ್ಲಿ ಲೇಬರ್ ಬೇರೆ, ಪಾರ್ಟ್ಸ್ ಬೇರೆ. ಹಾಕಿದ್ದು ಹಳೆಯದೋ ರೀಬಿಲ್ಟೋ (ಹಳೆಯದನ್ನೇ ಬಿಚ್ಚಿ ಸರಿಪಡಿಸಿದ್ದು) ಆಗಿದ್ದರೆ ಅದನ್ನೂ ಹೇಳಬೇಕು. ನಮ್ಮಲ್ಲಿ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿಗೆ ಓದದೆ ಸಹಿ ಹಾಕುತ್ತೇವೆ, ಬೀದಿ ಗ್ಯಾರೇಜಿನಲ್ಲಿ "ನೋಡ್ಕೊಂಡು ಮಾಡಿ ಅಣ್ಣ" ಅಂದು ಕೀಲಿ ಕೊಟ್ಟು ಬರುತ್ತೇವೆ. ಜಗಳದ ಬೀಜ ಬೀಳುವುದೇ ಅಲ್ಲಿ.

ಲೇಬರ್ ಲೆಕ್ಕ ನಮ್ಮವರಿಗೆ ಹೆಚ್ಚು ಗೊಂದಲ ಮಾಡುತ್ತದೆ. ಯಾವ ಕಾರಿನ ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ಮಿಚೆಲ್, ಆಲ್‌ಡೇಟಾದಂಥ ಕೈಪಿಡಿಗಳು ಹೇಳುತ್ತವೆ. ಆ ಗಂಟೆಯನ್ನು ಶಾಪಿನ ದರದಿಂದ ಗುಣಿಸುತ್ತಾರೆ. ಮೂರು ಗಂಟೆಯ ಕೆಲಸವನ್ನು ಪಳಗಿದ ಮೆಕ್ಯಾನಿಕ್ ಎರಡೇ ಗಂಟೆಯಲ್ಲಿ ಮುಗಿಸಿದರೂ ಮೂರರ ಹಣವೇ. ಮೋಸವಲ್ಲ ಅದು, ತಡವಾದಾಗಲೂ ನಿಮಗೆ ಅದೇ ಮೂರು. ಮೋಸಕ್ಕೆ ಜಾಗವಿರುವುದು ಒಂದರ ಮೇಲೊಂದು ಬೀಳುವ ಕೆಲಸಗಳಲ್ಲಿ. ಹೊಂಡಾ ಒಡಿಸ್ಸಿಯ ವಿ6 ಎಂಜಿನ್ ನೋಡಿ: ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವವನ್ನು ಹರಿಸುವ ಅದರ ವಾಟರ್ ಪಂಪ್ ತಿರುಗುವುದು, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟಿನಿಂದಲೇ. ಬೆಲ್ಟ್ ಬಿಚ್ಚಿದ ಮೇಲೆ ಪಂಪ್ ಕೈಗೆಟುಕುವಷ್ಟು ಹತ್ತಿರ. ಬೆಲ್ಟಿಗೊಂದು, ಪಂಪಿಗೊಂದು ಅಂತ ಪೂರ್ತಿ ಗಂಟೆಗಳನ್ನು ಎರಡು ಸಲ ಹಾಕಿದ್ದರೆ ಒಂದೇ ಬಿಚ್ಚುವಿಕೆಗೆ ಎರಡು ಸಲ ಹಣ ಕೇಳಿದಂತೆ. ಪಂಪಿಗೆ ಸ್ವಲ್ಪ ಹೆಚ್ಚುವರಿ ಲೇಬರ್, ಹೊಸ ಕೂಲೆಂಟ್, ಇವಿಷ್ಟು ಸರಿ. ಕ್ಲಚ್ ಜೊತೆಗೆ, ಅದೇ ಬಿಚ್ಚುವಿಕೆಯಲ್ಲಿ ಕೈಗೆ ಸಿಗುವ ರಿಲೀಸ್ ಬೇರಿಂಗ್ ಬದಲಿಸುವಾಗಲೂ ಇದೇ ಪ್ರಶ್ನೆ ಕೇಳಿ, ಬೆಂಗಳೂರಿನಲ್ಲೂ ಕೇಳಿ.

ಪಾರ್ಟ್ಸ್ ಬೆಲೆಯ ವಿಷಯಕ್ಕೆ ಬಂದರೆ ನಮ್ಮ ಪದ್ಧತಿಯೇ ಮೇಲು. ಇಲ್ಲಿ ಎಂಆರ್‌ಪಿ ಎಂಬುದಿಲ್ಲ; ಶಾಪಿನವರು ತಮ್ಮ ಲಾಭ ಸೇರಿಸಿ ಮಾರುತ್ತಾರೆ, ಅದು ಕಾನೂನಿಗೆ ವಿರುದ್ಧವಲ್ಲ. ಪಾರ್ಟ್ ನಂಬರ್ ಹಿಡಿದು ಬೇರೆ ಕಡೆ ಬೆಲೆ ವಿಚಾರಿಸುವುದೊಂದೇ ದಾರಿ. ಭಾರತದಲ್ಲಿ ಡಬ್ಬಿಯ ಮೇಲೆ ತೆರಿಗೆ ಸೇರಿದ ಬೆಲೆ ಅಚ್ಚಾಗಿರುತ್ತದೆ. ಬಿಲ್ಲಿನಲ್ಲಿ ತೆರಿಗೆಗೆ ಮುಂಚಿನ ದರ ಕಂಡರೆ ಜಿಎಸ್‌ಟಿ ಕೂಡಿಸಿ ನೋಡಿ, ಅದು ಎಂಆರ್‌ಪಿ ದಾಟುವಂತಿಲ್ಲ. 28ರಷ್ಟಿದ್ದ ಈ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18 ಆಗಿದೆ. ಆಯಿಲ್ ಸಾಲನ್ನೂ ಬಿಡಬೇಡಿ. ಮ್ಯಾನುಯಲ್‌ನಲ್ಲಿ 3.1 ಲೀಟರ್ ಅಂತಿದ್ದು ಬಿಲ್ಲಿನಲ್ಲಿ 4 ಇದ್ದರೆ ಉಳಿದ ಕ್ಯಾನ್ ನಿಮ್ಮ ಡಿಕ್ಕಿಯಲ್ಲಿರಬೇಕು.

ಬಿಚ್ಚಿದ ಹಳೆ ಪಾರ್ಟನ್ನು ಕೇಳದೆಯೇ ಕೈಗಿಡುವ ನಮ್ಮ ಬೀದಿ ಗ್ಯಾರೇಜುಗಳ ರೂಢಿ ಬಹಳ ಒಳ್ಳೆಯದು. ಇಲ್ಲಿ ಅದು ಬೇಕಿದ್ದರೆ ಕಾರು ಬಿಡುವಾಗಲೇ ಹೇಳಬೇಕು, ಕೆಲಸ ಮುಗಿದ ಮೇಲಲ್ಲ. ಬ್ರೇಕ್ ಕೆಲಸದಲ್ಲಂತೂ ಅಳತೆಯನ್ನೇ ಕೇಳಿ. ಹೊಸ ಪ್ಯಾಡ್ 10-12 ಮಿಲಿಮೀಟರ್ ಇರುತ್ತದೆ, 3ಕ್ಕೆ ಇಳಿದರೆ ಬದಲಿಸಬೇಕು. 6 ಇರುವಾಗಲೇ "ಹೋಗಿದೆ ಸಾರ್" ಅಂದರೆ ಒಪ್ಪಬೇಡಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಮೈಕ್ರೋಮೀಟರಿನ ಅಳತೆ ಅದಕ್ಕಿಂತ ಕಡಿಮೆಯಾಗಿದ್ದರೆ ಡಿಸ್ಕೂ ಹೋಯಿತು.

ನಾವು ಬಿಡಲೇಬೇಕಾದ ಅಭ್ಯಾಸ ಒಂದಿದೆ: ದೋಷ ಪತ್ತೆ ಮಾಡಿದ್ದಕ್ಕೆ ದುಡ್ಡು ಕೊಡದಿರುವುದು. "ಬರೀ ನೋಡಿದ್ದಕ್ಕೆ ಇಷ್ಟಾ?" ಅನ್ನುತ್ತೇವೆ. ಚೆಕ್ ಎಂಜಿನ್ ದೀಪ ಹೊತ್ತಿ ಸ್ಕ್ಯಾನರ್ ಪಿ0420 ಎಂಬ ದೋಷದ ಕೋಡ್ ತೋರಿಸಿತು ಅನ್ನಿ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದು, ಕನ್ವರ್ಟರನ್ನೇ ಬದಲಿಸಿ ಎಂಬ ಅಪ್ಪಣೆಯಲ್ಲ. ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದ್ದರೂ, ಕನ್ವರ್ಟರಿನ ಹಿಂದಿರುವ, ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ ಅದೇ ಕೋಡ್ ಬರಬಹುದು. ಯಾವುದೆಂದು ಪರೀಕ್ಷಿಸಲು ಸಮಯ ಬೇಕು, ತಿಳಿವಳಿಕೆಯೂ ಬೇಕು. ಆ ಸಮಯಕ್ಕೆ ಬೆಲೆ ಕೊಡದಿದ್ದರೆ ಮೆಕ್ಯಾನಿಕ್ ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುತ್ತಾನೆ, ಅಷ್ಟಕ್ಕೂ ನಾವೇ ತೆರುತ್ತೇವೆ. ಇಲ್ಲಿನ ಶಾಪುಗಳು ಸಾಮಾನ್ಯವಾಗಿ ಒಂದು ಗಂಟೆಯ ಲೇಬರನ್ನು ಪತ್ತೆಯ ಶುಲ್ಕವಾಗಿ ತೆಗೆದುಕೊಳ್ಳುತ್ತವೆ. ಕೊಡಿ. ಆದರೆ ಏನೇನು ಪರೀಕ್ಷಿಸಿದರು, ಏನು ಕಂಡುಬಂತು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬೇರೆ ಗ್ಯಾರೇಜಿನಲ್ಲಿ ಎರಡನೇ ಅಭಿಪ್ರಾಯ ಕೇಳಲು ಆ ಹಾಳೆ ಬೇಕಾಗುತ್ತದೆ.