ಒಂದು ಫೈನಲ್ ಸೋತರೆ ಕೋಚ್ ಬೇಡವಾಗಿಬಿಡ್ತಾರಾ?

ನಿನ್ನೆ ರಾತ್ರಿ ನಮ್ಮೂರ ಹೊನಲು ಬೆಳಕಿನ ವಾಲಿಬಾಲ್ ಟೂರ್ನಮೆಂಟ್‌ನಲ್ಲಿ ಫೈನಲ್ ಸೋತ ತಂಡದ ಕೋಚ್‌ಗೆ, ಹುಡುಗರ ಎದುರೇ, "ನಾಳೆಯಿಂದ ನೀವು ಬರೋದು ಬೇಡ" ಅಂದರು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಾನು ಲಿಫ್ಟರ್ ಆಗಿ, ಅಂದರೆ ಸ್ಮ್ಯಾಶ್ ಹೊಡೆಯೋರಿಗೆ ಚೆಂಡು ಎತ್ತಿಕೊಡೋ ಆಟಗಾರನಾಗಿ ಆಡಿದವನು, ಝೆ ರಾಬರ್ಟೊ ಅಂದರೆ ನನಗೆ ಪ್ರಾಣ. ಪೂರ್ತಿ ಹೆಸರು ಜೋಸೆ ರಾಬರ್ಟೊ ಗಿಮರಾಯ್ಸ್, ಬ್ರೆಜಿಲ್‌ನ ವಾಲಿಬಾಲ್ ಕೋಚ್. ಅವರೂ ಲಿಫ್ಟರ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿದರು, ಪದಕ ಸಿಗಲಿಲ್ಲ. 1992ರಲ್ಲಿ ಬಾರ್ಸಿಲೋನಾಕ್ಕೆ ಪುರುಷರ ತಂಡದ ಕೋಚ್ ಆಗಿ ಹೋಗಿ ಚಿನ್ನ ತಂದರು. ಫುಟ್‌ಬಾಲ್‌ಗೆ ಹೆಸರಾದ ಆ ದೇಶಕ್ಕೆ ತಂಡದ ಆಟದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು!

ಆದರೆ ನಾನು ಹೇಳಬೇಕಿರೋದು ಅಥೆನ್ಸ್ ಬಗ್ಗೆ. 2003ರಲ್ಲಿ ಅವರು ಮಹಿಳೆಯರ ತಂಡ ವಹಿಸಿಕೊಂಡರು. ಮರುವರ್ಷ ಒಲಿಂಪಿಕ್ ಸೆಮಿಫೈನಲ್, ಎದುರಿಗೆ ರಷ್ಯಾ. ಮೂರು ಸೆಟ್ ಗೆದ್ದವರಿಗೆ ಪಂದ್ಯ. ಬ್ರೆಜಿಲ್ ಎರಡು ಸೆಟ್ ಗೆದ್ದಿತ್ತು, 25 ಪಾಯಿಂಟ್‌ನ ನಾಲ್ಕನೇ ಸೆಟ್‌ನಲ್ಲಿ 24-19ರಿಂದ ಮುಂದಿತ್ತು. ಒಂದೇ ಒಂದು ಪಾಯಿಂಟ್ ಸಾಕಿತ್ತು. ಬರಲಿಲ್ಲ. ಆ ಸೆಟ್ 28-26ಕ್ಕೆ ರಷ್ಯಾ ಪಾಲಾಯಿತು, ಐದನೆಯದು 16-14ಕ್ಕೆ ಹೋಯಿತು, ಆಮೇಲೆ ಕ್ಯೂಬಾ ಎದುರು ಕಂಚೂ ಹೋಯಿತು. ಆ ಪಂದ್ಯದ ವಿಡಿಯೊ ಪೂರ್ತಿ ನೋಡೋಕೆ ನನಗೆ ಇವತ್ತಿಗೂ ಆಗಲ್ಲ.

ನಮ್ಮಲ್ಲಾಗಿದ್ದರೆ ಅವತ್ತೇ ಕೋಚ್ ಮನೆಗೆ, ಅಲ್ವಾ? ಬ್ರೆಜಿಲ್ ಹಾಗೆ ಮಾಡಲಿಲ್ಲ. ಆ ಸೋಲಿಗೆ ಮರಿ ಅನ್ನೋ ಹೆಸರಿನ 21ರ ಆಟಗಾರ್ತಿಯನ್ನು ಜನ ಹಿಗ್ಗಾಮುಗ್ಗಾ ಬೈದರು. ಝೆ ರಾಬರ್ಟೊ ನಾಲ್ಕು ವರ್ಷ ಬಿಟ್ಟು ಅದೇ ಮರಿ, ಅಥೆನ್ಸ್‌ನಲ್ಲೂ ತಂಡದಲ್ಲಿದ್ದ ಲಿಫ್ಟರ್ ಫೊಫಾವೊ ಇದ್ದ ತಂಡವನ್ನು ಬೀಜಿಂಗ್‌ಗೆ ಕರೆದುಕೊಂಡು ಹೋದರು. ಇಡೀ ಟೂರ್ನಿಯಲ್ಲಿ ಬಿಟ್ಟುಕೊಟ್ಟಿದ್ದು ಒಂದೇ ಸೆಟ್, ಅದೂ ಫೈನಲ್‌ನಲ್ಲಿ ಅಮೆರಿಕಕ್ಕೆ. ಚಿನ್ನ. ಪುರುಷರಿಗೂ ಮಹಿಳೆಯರಿಗೂ ವಾಲಿಬಾಲ್ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟ ಕೋಚ್ ಇವರೊಬ್ಬರೇ. ಅಥೆನ್ಸ್ ಆದ ಮೇಲೆ ತೆಗೆದು ಹಾಕಿದ್ದರೆ?

ಲಂಡನ್ ಇನ್ನೂ ರೋಚಕ. 2012ರಲ್ಲಿ ಗುಂಪಿನ ಹಂತದಲ್ಲೇ ಅಮೆರಿಕಕ್ಕೆ ಸೋತು, ಕೊರಿಯಾಕ್ಕೂ ಸೋತು, ಹೊರಗೆ ಬೀಳೋ ಹಾಗಿದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಅದೇ ರಷ್ಯಾ. ಇನ್ನೊಂದು ಪಾಯಿಂಟ್ ಹೋದರೆ ಪಂದ್ಯವೇ ಹೋಗೋ ಅಂಥ ಆರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಐದನೇ ಸೆಟ್ 21-19ಕ್ಕೆ ಗೆದ್ದರು. ಬ್ರೆಜಿಲ್ ಆಟಗಾರ್ತಿ ಶೀಲಾ ಹೊಡೆದ ಒಂದೊಂದು ಸ್ಮ್ಯಾಶ್ ನೋಡುವಾಗಲೂ ನನಗೆ ಮೈ ಜುಮ್ ಅನ್ನುತ್ತೆ. ಫೈನಲ್‌ನ ಮೊದಲ ಸೆಟ್ 11-25ಕ್ಕೆ ಸೋತು, ಆಮೇಲೆ ಮೂರೂ ಸೆಟ್ ಗೆದ್ದು ಚಿನ್ನ ಉಳಿಸಿಕೊಂಡರು.

"ಬ್ರೆಜಿಲ್‌ನಲ್ಲಿ ಪ್ರತಿಭೆ ಜಾಸ್ತಿ, ಯಾರು ಕೋಚ್ ಆದರೂ ಗೆಲ್ಲುತ್ತಾರೆ" ಅಂತ ನಿನ್ನೆ ಒಬ್ಬರು ವಾದ ಮಾಡಿದರು. ಸುಮ್ನೆ ಮಾತು. ಅಥೆನ್ಸ್‌ನಲ್ಲೂ ಅದೇ ಪ್ರತಿಭೆ ಇತ್ತಲ್ಲ! 24-19ರಲ್ಲಿ ಕೈ ನಡುಗಿದ ಆಟಗಾರ್ತಿಯ ಮೇಲೆ ಮತ್ತೆ ನಂಬಿಕೆ ಇಡೋಕೆ ಕೋಚ್‌ಗೆ ಸಮಯ ಬೇಕು. ಬ್ರೆಜಿಲ್‌ನವರು ಆ ಸಮಯ ಕೊಟ್ಟರು, ಅಷ್ಟೇ. ನಮ್ಮವರು ಕೊಡಲ್ಲ ಅನ್ನೋದೇ ನನ್ನ ಹೊಟ್ಟೆಯುರಿ.

ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ಅವರಿಗೆ ದಕ್ಕಿಲ್ಲ, ನಿಜ. 2006, 2010, 2022, ಮೂರು ಸಲವೂ ಫೈನಲ್ ಸೋತರು. 2016ರಲ್ಲಿ ರಿಯೊದ ತಮ್ಮ ಜನರ ಮುಂದೆಯೇ ಕ್ವಾರ್ಟರ್ ಫೈನಲ್‌ನಲ್ಲಿ ಚೀನಾಗೆ ಸೋತರು. ಆಗಲೂ ಯಾರೂ ಅವರನ್ನು ಓಡಿಸಲಿಲ್ಲ. ಟೋಕಿಯೊದಲ್ಲಿ ಬೆಳ್ಳಿ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್ ನಡೆಯುವಾಗಲೇ ಅವರಿಗೆ 70 ತುಂಬಿತು. ಸೆಮಿಫೈನಲ್‌ನಲ್ಲಿ ಅಮೆರಿಕ ಎದುರು ಐದು ಸೆಟ್ ಆಡಿ ಸೋತ ಅದೇ ಹುಡುಗಿಯರನ್ನು ಎರಡು ದಿನದಲ್ಲಿ ಮತ್ತೆ ಅಂಕಣಕ್ಕಿಳಿಸಿ, ಟರ್ಕಿಯನ್ನು 3-1ರಿಂದ ಸೋಲಿಸಿ ಕಂಚು ಗೆದ್ದರು.