ಅಮ್ಮನ ಲೆಕ್ಕದಲ್ಲಿ ಅದು ಹಾಳು ಮನೆ

ಅಮೆರಿಕದ ಹಳೇ ಕಲ್ಲುಮನೆ ವುಕೋಕಿಯ ಫೋಟೋ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಅಮ್ಮನ ಫೋನು. "ಹಾಳು ಮನೆ ನೋಡೋಕೆ ನಿದ್ದೆಗೆಟ್ಟು ಅಷ್ಟು ದೂರ ಹೋದ್ಯಾ?"

ಹೌದು, ಹೋದೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಉಳಿದುಕೊಂಡು, ಕತ್ತಲಲ್ಲೇ ಎದ್ದು, ಅರಿಝೋನಾದ ಮರುಭೂಮಿಗೆ ಕಾರು ಓಡಿಸಿದೆ. ವುಪಾಟ್ಕಿ ರಾಷ್ಟ್ರೀಯ ಸ್ಮಾರಕದಲ್ಲಿ ಹಳೆಯ ಪ್ವೆಬ್ಲೋಗಳು, ಅಂದರೆ ಅಲ್ಲಿನ ಮೂಲನಿವಾಸಿಗಳು ಕಟ್ಟಿದ ಕಲ್ಲಿನ ಮನೆಗಳು, ಬೇಕಾದಷ್ಟಿವೆ. ದೊಡ್ಡದರಲ್ಲಿ ಸುಮಾರು 100 ಕೋಣೆ. ನನಗೆ ಮಾತ್ರ ಒಂಟಿಯಾಗಿ ನಿಂತ ವುಕೋಕಿಯೇ ಇಷ್ಟ. ಕೆಂಪು ಮರಳುಗಲ್ಲಿನ ಬಂಡೆ, ಅದರ ಮೇಲೆ ಅದೇ ಕಲ್ಲಿನ ಗೋಡೆ. ಬಂಡೆ ಎಲ್ಲಿ ಮುಗೀತು, ಮನೆ ಎಲ್ಲಿ ಶುರುವಾಯ್ತು ಅಂತ ದೂರದಿಂದ ಗೊತ್ತೇ ಆಗುವುದಿಲ್ಲ.

ಸೂರ್ಯ ಹುಟ್ಟುವ ಮೊದಲು ಕಾಲುದಾರಿಗೆ ಇಳಿಯುವಂತಿಲ್ಲ. ಕ್ಯಾಮೆರಾ ಹುಚ್ಚಿನವರು ಇದಕ್ಕೆ ಗೊಣಗುತ್ತಾರೆ, ನಾನೂ ಗೊಣಗಿದವನೇ. ಕಾರಲ್ಲಿ ಕೈ ಉಜ್ಜಿಕೊಳ್ಳುತ್ತಾ ಕೂತೆ. ಮೊದಲು ದೂರದ ಸ್ಯಾನ್ ಫ್ರಾನ್ಸಿಸ್ಕೋ ಪೀಕ್ಸ್ ಬೆಟ್ಟಗಳ ತುದಿಯ ಹಿಮಕ್ಕೆ ಬಣ್ಣ ಬಂತು. ಆಮೇಲೆ ವುಕೋಕಿಯ ಗೋಪುರದ ನೆತ್ತಿಗೆ. ಪೂರ್ವದ ಗೋಡೆಗೆ ಕ್ಯಾಮೆರಾ ಹಿಡಿದರೆ ನನ್ನದೇ ನೆರಳು ಬೆದರುಬೊಂಬೆ ಥರ ಫ್ರೇಮಿನೊಳಗೆ! ಪಕ್ಕಕ್ಕೆ ಸರಿದೆ. ಓರೆ ಬಿಸಿಲು ಬಿದ್ದ ಗೋಡೆ ಕಂಡಿತು. ಒಂದೊಂದು ಚಪ್ಪಟೆ ಕಲ್ಲಿನ ಕೆಳಗೂ ಒಂದೊಂದು ನೆರಳಿನ ಗೆರೆ. ಸಂದಿಗೆ ಮೆತ್ತಿದ ಮಣ್ಣು ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. ಮಧ್ಯಾಹ್ನ ಇದೇ ಗೋಡೆ ಸಪ್ಪೆ.

ನನ್ನ ತಕರಾರು ಇರುವುದು ಇಂಥ ಫೋಟೋಗಳ ಕೆಳಗೆ ಬರೆಯುವ ಸಾಲಿನ ಬಗ್ಗೆ. "ನಿಗೂಢವಾಗಿ ಮಾಯವಾದ ಜನ" ಅಂತೆ. ಎಲ್ಲಿ ಮಾಯ? ಹತ್ತಿರದ ಜ್ವಾಲಾಮುಖಿ ಸನ್‌ಸೆಟ್ ಕ್ರೇಟರ್ ಸುಮಾರು 1085ರಲ್ಲಿ ಬೆಂಕಿ ಉಗುಳಿತು. ಮುಂದಿನ ಶತಮಾನದಲ್ಲಿ ವುಪಾಟ್ಕಿ ಜನರಿಂದ ತುಂಬಿತ್ತು. 1250ರ ಹೊತ್ತಿಗೆ ಅವರು ಬೇರೆಡೆ ಹೋಗಿದ್ದರು. ಊರು ಬಿಟ್ಟು ಊರು ಸೇರೋದು ನಿಗೂಢ ಅಂದ್ರೆ ನಾನೂ ಮಾಯವಾದವನೇ ಅಲ್ವಾ? ಅವರ ಮುಂದಿನ ಪೀಳಿಗೆಯವರಾದ ಹೋಪಿ ಮೂಲನಿವಾಸಿಗಳು ಇವತ್ತಿಗೂ ಪೂರ್ವಕ್ಕಿರುವ ಎತ್ತರದ ದಿಬ್ಬಗಳ ಹಳ್ಳಿಗಳಲ್ಲಿದ್ದಾರೆ. ಇಂಥ ಜಾಗಗಳನ್ನು ಅವರು ಪೂರ್ವಜರ ಹೆಜ್ಜೆಗುರುತು ಅನ್ನುತ್ತಾರೆ. ಹಿರಿಯರು ಇನ್ನೂ ಅಲ್ಲೇ ಇದ್ದಾರೆ ಅನ್ನೋದು ಅವರ ನಂಬಿಕೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಹಾಳು ಮನೆ ಅಲ್ಲ ಅಂತ ವಾದ ಗೆದ್ದೆ ಅಂದುಕೊಂಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಿದ್ರೆ ಮನೆಯವರನ್ನ ಕೇಳಿ ಫೋಟೋ ತೆಗೆದ್ಯಾ?"

ಹೋಪಿ ಹಳ್ಳಿಗಳಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಅದು ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ.