ಅಳಿಯ ಬೇರೆ, ಅಳಿಯನ್ ಬೇರೆ

ಮೊನ್ನೆ ಭಾನುವಾರ ಕೇರಳದ ಕಾಸರಗೋಡು ಕಡೆಯ ನಮ್ಮ ಕ್ಲಬ್ಬಿನ ವಾರ್ಷಿಕ ಸಭೆ ಇತ್ತು. ಲೆಕ್ಕಪತ್ರ ಓದಿ ಆಯ್ತು. ಓಣಂ ಕಾರ್ಯಕ್ರಮದಲ್ಲಿ ಎಷ್ಟು ದುಡ್ಡು ಉಳಿದಿದೆ ಅಂತ ಗೊತ್ತಾಯ್ತು. ಆಮೇಲೆ ಬಂತು ನೋಡಿ ಠರಾವು: ಪೊಲೀಸರಿಗೆ ನಾಲ್ಕು ಬ್ಯಾರಿಕೇಡ್ ಕೊಡುವುದು, ಜಂಕ್ಷನ್‌ನಲ್ಲಿ ಎರಡು ಕ್ಯಾಮೆರಾ ಹಾಕಿಸುವುದು. ಬ್ಯಾರಿಕೇಡಿನ ಮೇಲೆ ಕ್ಲಬ್ಬಿನ ಹೆಸರು ಎಷ್ಟು ದಪ್ಪ ಇರಬೇಕು, ದುಡ್ಡು ಕೊಡುವ ಬೇಕರಿಯವರ ಹೆಸರು ಮೇಲೋ ಕೆಳಗೋ ಅಂತ ಇಪ್ಪತ್ತು ನಿಮಿಷ ಚರ್ಚೆ. ನಾನು ಎದ್ದು, "ಬ್ಯಾರಿಕೇಡ್ ಆಮೇಲೆ ಕೊಡುವ, ಮೊದಲು ಪೊಲೀಸ್ ಸ್ಟೇಷನ್‌ಗೆ ಹೋಗುವವರ ಪಕ್ಕ ಕೂತು ಅವರ ಮಾತನ್ನು ಮಲಯಾಳದಲ್ಲಿ ಹೇಳಲಿಕ್ಕೆ ಜನ ಕೊಡುವ" ಅಂದೆ. ಯಾರೂ ಮಾತಾಡಲಿಲ್ಲ. ಅಧ್ಯಕ್ಷರು "ಅದನ್ನು ಇತರ ವಿಷಯದಲ್ಲಿ ತೆಗೆದುಕೊಳ್ಳುವ ಮಾರಾಯ" ಅಂದರು.

ಇತರ ವಿಷಯ ಬರುವಷ್ಟರಲ್ಲಿ ಅರ್ಧ ಜನ ಚಾ ಕುಡಿದು ಮನೆಗೆ ಹೋಗಿದ್ದರು. ಹಾಗಾಗಿ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನ್ನದು ಒಂದು ಜೆರಾಕ್ಸ್ ಅಂಗಡಿ. ಜೊತೆಗೆ ಅರ್ಜಿ ಬರೆದುಕೊಡುತ್ತೇನೆ, ಮಲಯಾಳದಲ್ಲಿ ಬಂದ ಕಾಗದ ಓದಿ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಬೈಲಿನ ಒಬ್ಬರು ಅಣ್ಣ ಬಂದರು. ಅಡಿಕೆ ಸುಲಿಯುವ ಕೆಲಸ ಮಾಡುವವರು, ಅರವತ್ತು ದಾಟಿದ ಪ್ರಾಯ. ಕೈಯಲ್ಲಿ ಸ್ಟೇಷನ್‌ನಲ್ಲಿ ಕೊಟ್ಟ ರಸೀದಿ, ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗಿತ್ತು. "ತಮ್ಮಾ, ಇದರಲ್ಲಿ ಎಂತ ಬರೆದಿದ್ದಾರೆ ನೋಡು. ನಾಳೆ ಎರಡೂ ಕಡೆಯವರು ಬನ್ನಿ, ಮಾತಾಡಿ ಮುಗಿಸುವ ಅಂದರು. ಮುಗಿಸುವುದು ಎಂತದ್ದು, ಮಗಳ ಕೈ ಊದಿಕೊಂಡಿದೆ" ಅಂದರು.

ಓದಿದೆ. ಅವರ ಮಗಳ ಮೇಲೆ ಕೈ ಮಾಡಿದ್ದು 'ಅಳಿಯನ್' ಅಂತ ಬರೆದಿತ್ತು.

ಕನ್ನಡದಲ್ಲಿ ಅಳಿಯ ಅಂದರೆ ಮಗಳ ಗಂಡ. ಮಲಯಾಳದಲ್ಲಿ ಅಳಿಯನ್ ಅಂದರೆ ನಮ್ಮ ಭಾವನೆಂಟ, ಅಂದರೆ ತಂಗಿಯ ಗಂಡನೋ ಹೆಂಡತಿಯ ತಮ್ಮನೋ. ಮಗಳ ಗಂಡನಿಗೆ ಅವರು ಹೇಳುವುದು ಮರುಮಗನ್. ಅಲ್ಲಿ ಏನು ನಡೆಯಿತು ಅಂತ ಅಣ್ಣ ಆಮೇಲೆ ಹೇಳಿದರು. ಪೊಲೀಸಿನವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, "ಆರಾ ಅಡಿಚ್ಚದ್?", ಯಾರು ಹೊಡೆದದ್ದು ಅಂತ ಮರ್ಯಾದೆಯಿಂದಲೇ ಕೇಳಿದರು. ಇವರು "ಅಳಿಯ" ಅಂದರು. "ಅಳಿಯನಾಣೋ?" "ಹೌದು, ಅಳಿಯ." ಇಬ್ಬರಿಗೂ ಅರ್ಥ ಆಯ್ತು ಅಂತ ಇಬ್ಬರೂ ತಿಳಿದುಕೊಂಡರು. ಗಂಡ ಹೆಂಡತಿಗೆ ಹೊಡೆದ ಕೇಸು ಕಾಗದದ ಮೇಲೆ ಸಂಬಂಧಿಕರ ಜಗಳ ಆಯ್ತು. ಗಂಡನ ಕ್ರೌರ್ಯಕ್ಕೆ ಕಾನೂನಿನಲ್ಲಿ ಬೇರೆಯೇ ಸೆಕ್ಷನ್ ಇದೆ, ಹಿಂದಿನ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85. ಸಂಬಂಧಿಕರ ಜಗಳಕ್ಕೆ ಆ ಸೆಕ್ಷನ್ ನೆನಪಾಗುವುದು ಹೇಗೆ? ಕೂತು ಮಾತಾಡಿ ಮುಗಿಸಿ ಅನ್ನುವುದೇ ಅಲ್ವಾ?

ಬರೆದುಕೊಂಡವರನ್ನು ನಾನು ಬೈಯುವುದಿಲ್ಲ. ಕೇರಳದ ತೆಂಕಣ ಕಡೆಯಿಂದ ವರ್ಗವಾಗಿ ಬಂದು ಆರು ತಿಂಗಳು ಆಗಿರಲಿಲ್ಲ ಅವರಿಗೆ. ಕನ್ನಡ ಗೊತ್ತಿದ್ದ ಒಬ್ಬರು ಅವತ್ತು ರಜೆಯಲ್ಲಿದ್ದರು. ಬಾಯಿಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಬೇಕು ಅಂತ ಕಾನೂನಿದೆ. ಓದಿಯೂ ಹೇಳಿದ್ದಾರೆ. ಮಲಯಾಳದಲ್ಲಿ.

ಮರುದಿನ ನಾನೇ ಜೊತೆಗೆ ಹೋದೆ, ಮಗಳೂ ಬಂದಳು. ಇನ್ನು ನನ್ನ ತಪ್ಪು ಹೇಳುತ್ತೇನೆ. ಅವಳು "ಅವರು ದೂಡಿ ಹಾಕಿದರು, ಕೈ ತಿರುಚಿದರು" ಅಂದಳು. ಹೊಡೆಸಿಕೊಂಡರೂ ಗಂಡನಿಗೆ ಬಹುವಚನವೇ, ನಮ್ಮ ಕಡೆ ಹಾಗೆ. ನಾನು ಹಾಗೇ "ಅವರ್" ಅಂತ ಮಲಯಾಳದಲ್ಲಿ ಹೇಳಿದೆ. ಬರೆಯುತ್ತಿದ್ದ ಮಹಿಳಾ ಪೊಲೀಸ್ ತಲೆ ಎತ್ತಿ "ಎತ್ರ ಪೇರ್?" ಅಂದರು. ಎಷ್ಟು ಜನ! ಒಬ್ಬನೇ ಗಂಡ ಹೋಗಿ ಗುಂಪು ಆಗಿಬಿಟ್ಟಿದ್ದ. ಅದನ್ನು ಸರಿ ಮಾಡುವ ಗಡಿಬಿಡಿಯಲ್ಲಿ, ಸಿಟ್ಟೂ ಇತ್ತಲ್ಲ, ನಾನು "ಅಡಿಚ್ಚು, ಚವಿಟ್ಟಿ" ಅಂದುಬಿಟ್ಟೆ. ಹೊಡೆದ, ತುಳಿದ ಅಂತ. ಅವಳು ತುಳಿದ ಅಂತ ಹೇಳಿರಲೇ ಇಲ್ಲ. ಆ ಪೊಲೀಸಮ್ಮ ಅವಳ ಕೈಸನ್ನೆ ನೋಡುತ್ತಿದ್ದರು, ನನ್ನನ್ನು ತಡೆದರು. "ಅವರ್ ಪರಞ್ಞದ್ ಮಾತ್ರಂ ಪರಞ್ಞಾಲ್ ಮದಿ." ಅವರು ಹೇಳಿದ್ದನ್ನು ಮಾತ್ರ ಹೇಳಿದರೆ ಸಾಕು. ಕಿವಿ ಬಿಸಿ ಆಯ್ತು. ಆದರೆ ಆ ಪೊಲೀಸಮ್ಮ ಹೇಳಿದ್ದೇ ಸರಿ. ನಾಳೆ ಕೋರ್ಟಿನಲ್ಲಿ ಎದುರು ವಕೀಲರು "ತುಳಿದದ್ದು ಎಲ್ಲಿಗೆ?" ಅಂತ ಕೇಳಿದರೆ ಅವಳು ಎಂತ ಹೇಳಬೇಕು? ನಾನು ಸೇರಿಸಿದ ಒಂದು ಪದ ಹಿಡಿದುಕೊಂಡು ಉಳಿದ ನಿಜವನ್ನೂ ಸುಳ್ಳು ಮಾಡುತ್ತಾರೆ.

ಇಷ್ಟು ಆದ ಮೇಲೆ ಯಾರಾದರೂ ಬ್ಯಾರಿಕೇಡ್ ಅಂದರೆ ನನಗೆ ಮೈ ಉರಿಯುತ್ತದೆ.

ಕ್ಯಾಮೆರಾ ಬೇಡವೇ ಬೇಡ ಅಂತಲ್ಲ. ರಾತ್ರಿ ಹೊಯಿಗೆ (ಮರಳು) ಲಾರಿ ಯಾವುದು ಹೋಯಿತು, ಸರ ಎಳೆದ ಬೈಕ್ ಯಾವ ಕಡೆ ತಿರುಗಿತು ಅಂತ ನೋಡಲಿಕ್ಕೆ ಬೇಕು. ಆದರೆ ಐದು ವರ್ಷ ಹಿಂದೆ ನಾವೇ ಹಾಕಿಸಿದ ಕ್ಯಾಮೆರಾದ ಕಥೆ ಎಂತ ಆಯ್ತು? ಉದ್ಘಾಟನೆಗೆ ಚೆಂಡೆ ಇತ್ತು, ಫೋಟೋ ಪೇಪರಿನಲ್ಲಿ ಬಂತು. ಈಗ ಅದರ ರೆಕಾರ್ಡರ್ ಅಂಗಡಿಯ ಅಟ್ಟದಲ್ಲಿದೆ, ಕ್ಯಾಮೆರಾದ ಕಣ್ಣಿನ ಎದುರು ಫ್ಲೆಕ್ಸ್ ಕಟ್ಟಿದ್ದಾರೆ. ಆ ಫ್ಲೆಕ್ಸ್ ಕೂಡ ನಮ್ಮದೇ ಕ್ಲಬ್ಬಿನದು.

ಸಂಘ ಸಂಸ್ಥೆಗಳು ಪೊಲೀಸರಿಗೆ ನಿಜವಾಗಿ ಉಪಕಾರ ಆದ ಕಡೆಯೆಲ್ಲ ನೋಡಿ, ಅವು ಜನರ ಬಾಯಿಯನ್ನು ಪೊಲೀಸರ ಕಿವಿಗೆ ಮುಟ್ಟಿಸಿದ್ದಾವೆ. ಅಮೆರಿಕದ ಅಲ್ಬುಕರ್ಕಿ ಅನ್ನುವ ಊರಲ್ಲಿ 1976ರಲ್ಲಿ ಪೆಟ್ರೋಲ್ ಬಂಕಿನ ಹುಡುಗನೊಬ್ಬನ ಕೊಲೆ ಆಯ್ತು. ಯಾರೂ ಬಾಯಿ ಬಿಡಲಿಲ್ಲ. ಪೊಲೀಸ್ ಒಬ್ಬರು ಟಿವಿಯಲ್ಲಿ ಆ ಘಟನೆಯನ್ನು ನಟಿಸಿ ತೋರಿಸಿ, ಹೆಸರು ಹೇಳಬೇಡಿ, ಗೊತ್ತಿದ್ದದ್ದು ಹೇಳಿ, ಬಹುಮಾನ ಕೊಡುತ್ತೇವೆ ಅಂದರು. ಫೋನ್ ಬಂತು, ಆರೋಪಿಗಳು ಸಿಕ್ಕರು. ಕ್ರೈಮ್ ಸ್ಟಾಪರ್ಸ್ ಶುರುವಾದದ್ದು ಅಲ್ಲಿಂದ. ಅಲ್ಲಿ ಅದನ್ನು ನಡೆಸುವುದು ಊರಿನವರ ಸಂಸ್ಥೆಗಳು, ಬಹುಮಾನದ ದುಡ್ಡು ಬರುವುದು ದೇಣಿಗೆಯಿಂದ. ನಮ್ಮಲ್ಲಿ ಮಕ್ಕಳ ಸಹಾಯವಾಣಿ 1098 ಕೂಡ ಹಾಗೇ. 1996ರಲ್ಲಿ ಮುಂಬಯಿಯಲ್ಲಿ ಶುರುವಾಯ್ತು, ವರ್ಷಗಟ್ಟಲೆ ಊರೂರಿನ ಸಂಸ್ಥೆಗಳೇ ಅದನ್ನು ನಡೆಸಿದವು. ಮಕ್ಕಳು ಪೊಲೀಸರಿಗೆ ಹೇಳಲು ಹೆದರಿದ್ದನ್ನು ಆ ನಂಬರಿಗೆ ಹೇಳಿದರು. 2023ರಿಂದ ಅದನ್ನು ಸರಕಾರ ತೆಗೆದುಕೊಂಡು ತುರ್ತು ನಂಬರ್ 112ರ ಜೊತೆ ಸೇರಿಸಿದೆ. ಒಳ್ಳೆಯದಾಯ್ತೋ ಕೆಟ್ಟದಾಯ್ತೋ, ನೋಡಬೇಕು.

ಇನ್ನೊಂದು ಕೇಳಿದರೆ ಆಶ್ಚರ್ಯ ಆಗಬಹುದು. ಮಕ್ಕಳ ಅಶ್ಲೀಲ ಚಿತ್ರ ಹಂಚುವವರ ಸುಳಿವು ನಮ್ಮ ಪೊಲೀಸರಿಗೆ ಬರುವ ಒಂದು ದಾರಿ ಅಮೆರಿಕದ ಒಂದು ಲಾಭರಹಿತ ಸಂಸ್ಥೆ. ಹೆಸರು ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಆಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್, 1984ರದ್ದು. ಅದರ ಜೊತೆ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2019ರಲ್ಲಿ ಒಪ್ಪಂದ ಮಾಡಿಕೊಂಡಿತು. ಸುಳಿವು ಅಲ್ಲಿಂದ ದೆಹಲಿಗೆ, ದೆಹಲಿಯಿಂದ ರಾಜ್ಯಗಳಿಗೆ. ಸಾಗರದ ಆಚೆಯ ಸಂಸ್ಥೆಯ ಮಾತು ಇಲ್ಲಿಗೆ ಮುಟ್ಟುತ್ತದೆ. ನಮ್ಮ ಬೈಲಿನ ಅಣ್ಣನ ಮಾತು ಮೇಜಿನ ಆಚೆ ಬದಿಗೆ ಮುಟ್ಟುವುದಿಲ್ಲ.

ಸ್ಟೇಜ್ ಹತ್ತಿದವರೆಲ್ಲ ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅನ್ನುತ್ತಾರೆ. ಆ ಏಳರಲ್ಲಿ ಸ್ಟೇಷನ್‌ನ ಕಾಗದದಲ್ಲಿ ಇರುವುದು ಒಂದು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಮೇಲೆ ಕನ್ನಡಕ್ಕಾಗಿ ಎಷ್ಟು ಧರಣಿ, ಎಷ್ಟು ಮನವಿ. 1969ರ ಕೇರಳದ ಭಾಷಾ ಕಾಯ್ದೆಯಲ್ಲಿಯೇ ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿದ್ದರು. ಬೋರ್ಡಿನಲ್ಲಿ ಕನ್ನಡ ತಪ್ಪಿದರೆ ನಾವು ಫೋಟೋ ತೆಗೆದು ಹಾಕುತ್ತೇವೆ, ಹಾಕಲೇಬೇಕು. ಪೆಟ್ಟು ತಿಂದ ಹೆಂಗಸು ಸ್ಟೇಷನ್‌ನಲ್ಲಿ ಕೂತು ಒದ್ದಾಡುವಾಗ ಮಾತ್ರ ನಾವ್ಯಾರೂ ಅಲ್ಲಿ ಇರುವುದಿಲ್ಲ.

ಕಾನೂನು ಜಾಗ ಬಿಟ್ಟಿದೆ ಮಾರಾಯ್ರೇ, ನಾವು ಹೋಗಿ ಕೂರಲಿಲ್ಲ ಅಷ್ಟೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ನೋಂದಾಯಿತ ಸಂಘವೊಂದು ಸರಕಾರದಲ್ಲಿ ಸೇವಾದಾರರಾಗಿ (ಸರ್ವಿಸ್ ಪ್ರೊವೈಡರ್) ಹೆಸರು ಹಾಕಿಸಿಕೊಳ್ಳಬಹುದು. ಆಮೇಲೆ ಹೆಂಗಸು ಹೇಳಿದ್ದನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೂ ರಕ್ಷಣಾಧಿಕಾರಿಗೂ ಕಳಿಸಬಹುದು, ವೈದ್ಯಕೀಯ ಪರೀಕ್ಷೆ ಮಾಡಿಸಬಹುದು. ಮಕ್ಕಳ ವಿಷಯದಲ್ಲಂತೂ ಅವರ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ ಪೋಕ್ಸೋದ 19ನೇ ಸೆಕ್ಷನ್ ನೇರವಾಗಿ ಹೇಳುತ್ತದೆ: ಬರೆಯುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಭಾಷಾಂತರ ಮಾಡುವವರನ್ನು ಕೊಡಬೇಕು. ಇಲ್ಲಿಯ ಮಕ್ಕಳು ಆಚೆಮನೆಯವರನ್ನೂ ಅಂಗಡಿಯವರನ್ನೂ ಮಾವ ಅನ್ನುತ್ತಾರೆ. ಅದನ್ನು ಯಾರಾದರೂ 'ಅಮ್ಮಾವನ್' ಅಂತ ಬರೆದರೆ ಅಮ್ಮನ ಅಣ್ಣನೋ ತಮ್ಮನೋ ಜೈಲಿಗೆ ಹೋಗುವುದೊಂದೇ ಬಾಕಿ. ಕಾನೂನು ಸೇವಾ ಪ್ರಾಧಿಕಾರ ಪ್ಯಾರಾ ಲೀಗಲ್ ವಾಲಂಟಿಯರ್‌ಗಳಿಗೆ, ಅಂದರೆ ಜನರಿಗೆ ಕಾನೂನಿನ ನೆರವು ಮುಟ್ಟಿಸುವ ಸ್ವಯಂಸೇವಕರಿಗೆ, ತರಬೇತಿ ಕೊಡುತ್ತದೆ. ಅವರ ಸಹಾಯವಾಣಿ 15100.

ಪೊಲೀಸರೂ ಊರಿನವರೂ ಸೇರಿ ಕೆಲಸ ಮಾಡುವ ಜನಮೈತ್ರಿ ಯೋಜನೆಯೂ ಇದೆ. ಕೇರಳ ಪೊಲೀಸರು 2008ರಲ್ಲಿ 20 ಸ್ಟೇಷನ್‌ಗಳಲ್ಲಿ ಶುರು ಮಾಡಿದ್ದು, ಒಳ್ಳೆಯ ಯೋಚನೆಯೇ. ನಾನು ಎರಡು ಸಭೆಗೆ ಹೋಗಿದ್ದೇನೆ. ಬೀದಿನಾಯಿ, ದಾರಿದೀಪ, ಸೈಲೆನ್ಸರ್ ತೆಗೆದ ಬೈಕ್, ಆಮೇಲೆ ಚಾ, ಪಳಂಪೊರಿ (ಬಾಳೆಹಣ್ಣಿನ ಪೋಡಿ). ಪಳಂಪೊರಿ ಚೆನ್ನಾಗಿತ್ತು. ಅಲ್ಲಿ ಮಾತಾಡಿದವರೆಲ್ಲ ಮಲಯಾಳ ಚೆನ್ನಾಗಿ ಬರುವವರು, ನಾನೂ ಸೇರಿ.

ಪೊಲೀಸರಿಗೆ ಸಹಾಯ ಅಂದ ಕೂಡಲೇ ಕೆಲವು ಹುಡುಗರಿಗೆ ಬೇರೆಯೇ ಹುಮ್ಮಸ್ಸು ಬರುತ್ತದೆ. ರಾತ್ರಿ ರಸ್ತೆಯಲ್ಲಿ ನಿಂತು ಬೈಕ್ ತಡೆಯುವುದು, ಹುಡುಗ ಹುಡುಗಿ ಒಟ್ಟಿಗೆ ಕಂಡರೆ ಹೆಸರು ಕೇಳುವುದು, ವಿಡಿಯೋ ಮಾಡುವುದು. ಅದರಿಂದ ಪೊಲೀಸರಿಗೆ ಸಿಗುವುದು ಇನ್ನೊಂದು ಕೇಸು. ಗಾಂಜಾ, ಎಂಡಿಎಂಎ ಬಂತು ಅಂತ ಗೊತ್ತಾದರೆ ಫೋನ್ ಮಾಡಿ ಹೇಳಿ. ಹಿಡಿದು ಹೊಡೆಯಲು ನಿಮಗೆ ಯಾರೂ ಸಂಬಳ ಕೊಡುತ್ತಿಲ್ಲ.

ನನ್ನ ಯೋಚನೆಯಲ್ಲಿಯೂ ತೂತಿದೆ. ಸ್ಟೇಷನ್‌ನಲ್ಲಿ ಕೇಳಿದ್ದನ್ನು ಸಂಜೆ ಚಾದಂಗಡಿಯಲ್ಲಿ ಹೇಳುವವ ಹೋದರೆ ಮುಗಿಯಿತು. ಹಾಗಾಗಿ ಒಂದೇ ವಾರ್ಡಿನವರು ಬೇಡ. ಹೆಂಗಸರ ಕೇಸಿಗೆ ಹೆಂಗಸರೇ ಹೋಗಲಿ. ಪಾರ್ಟಿ ಪದಾಧಿಕಾರಿಗಳು ದಯವಿಟ್ಟು ಬೇಡ, ಯಾವ ಪಾರ್ಟಿಯಾದರೂ ಸರಿ. ಬಸ್ಸು, ಆಟೋದ ದುಡ್ಡನ್ನು ಕ್ಲಬ್ ಕೊಡಲಿ. ನಾಲ್ಕು ಬ್ಯಾರಿಕೇಡಿನ ದುಡ್ಡಿನಲ್ಲಿ ಎಷ್ಟೋ ಸಲ ಹೋಗಿ ಬರಬಹುದು.

ಬ್ಯಾರಿಕೇಡ್ ಠರಾವು ಪಾಸಾಯಿತು. ಬೇಕರಿಯವರ ಹೆಸರು ಕೆಳಗೆ ಬರುತ್ತದಂತೆ. ಆದರೆ ಅವತ್ತು ರಾತ್ರಿಯೇ ಅಂಗನವಾಡಿಯ ಟೀಚರ್ ಒಬ್ಬರು ವಾಟ್ಸಾಪ್‌ನಲ್ಲಿ "ನನ್ನ ಹೆಸರು ಬರೆದುಕೊಳ್ಳಿ" ಅಂದರು. ರಿಟೈರ್ ಆದ ಕನ್ನಡ ಮಾಷ್ಟ್ರು ಒಬ್ಬರೂ ಬಂದಿದ್ದಾರೆ. ನನ್ನನ್ನು ಸೇರಿಸಿ ಮೂವರು. ಕನ್ನಡ, ತುಳು, ಮಲಯಾಳಕ್ಕೆ ತೊಂದರೆ ಇಲ್ಲ, ಕೊಂಕಣಿ ಟೀಚರ್ ನೋಡಿಕೊಳ್ಳುತ್ತಾರೆ. ಬ್ಯಾರಿ ಭಾಷೆ ಸರಿಯಾಗಿ ಬರುವವರು ಇಲ್ಲ, ಮರಾಠಿಗೂ ಇಲ್ಲ. ಉಪ್ಪಳದ ಕಡೆ ಉರ್ದು ಮಾತಾಡುವವರು ಯಾರಾದರೂ ಇದನ್ನು ಓದಿದರೆ ಇನ್‌ಬಾಕ್ಸಿಗೆ ಬನ್ನಿ. ಬರುವಾಗ ಮಲಯಾಳ ಓದಲಿಕ್ಕೂ ಬರುತ್ತದಾ ಅಂತ ತಿಳಿಸಿ, ಮಾತಾಡಲಿಕ್ಕೆ ಬಂದರೆ ಮಾತ್ರ ಸಾಲುವುದಿಲ್ಲ.